ಚಪ್ಪಲಿ ಗಾಜಿನೊಳಗೆ, ಹೆಸರು ಹೊರಗೆ

ಎಫ್‌ಡಿಎ, ಪಿಡಿಒ, ಕೆಎಎಸ್ ಎಂದು ಓದಿಕೊಳ್ಳುತ್ತಿರುವ ನಮ್ಮಂಥವರ ಪ್ರಚಲಿತ ವಿದ್ಯಮಾನಗಳ ನೋಟ್‌ಬುಕ್ಕಿನಲ್ಲಿ 2025ರ ಎರಡು ಸಾಲುಗಳು ಇದ್ದೇ ಇರುತ್ತವೆ. ಒಂದು, ಮಾರ್ಚ್ 27ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಲ್ಲಿನ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳ ಬಗ್ಗೆ ಹೊರಡಿಸಿದ ಆದೇಶ. ಇನ್ನೊಂದು, ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಶನ್ ಶೋದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಚಪ್ಪಲಿ ತೋರಿಸಿ ಬೈಸಿಕೊಂಡದ್ದು. ಮೊದಲನೆಯದನ್ನು ‘ಅಂತರರಾಷ್ಟ್ರೀಯ’ ಎಂಬ ಪುಟದಲ್ಲಿ, ಎರಡನೆಯದನ್ನು ‘ಜಿಐ ಟ್ಯಾಗ್’ ಎಂಬ ಪುಟದಲ್ಲಿ ಬರೆದುಕೊಂಡು ಮುಂದೆ ಹೋಗಿದ್ದೇವೆ. ಅಥಣಿಯಲ್ಲಿ ಕೂತು ಓದಿದರೆ ಎರಡೂ ಒಂದೇ ಪುಟದ ಸುದ್ದಿ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಅಮೆರಿಕದ ಜಗಳ ತಿಳಿದುಕೊಳ್ಳೋಣ. ಸ್ಮಿತ್‌ಸೋನಿಯನ್ ಸಂಸ್ಥೆ ಶುರುವಾದದ್ದು 1846ರಲ್ಲಿ. ಅದರ ಕೈಯಲ್ಲಿ 21 ಮ್ಯೂಸಿಯಂಗಳಿವೆ, ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಜನರ ತೆರಿಗೆಯಿಂದ. ಕಪ್ಪು ಜನರ ಇತಿಹಾಸಕ್ಕೆಂದೇ ಅದು 2016ರಲ್ಲಿ ಒಂದು ಮ್ಯೂಸಿಯಂ ತೆರೆಯಿತು. 2020ರಲ್ಲಿ ಆ ಮ್ಯೂಸಿಯಂ ತನ್ನ ಜಾಲತಾಣದಲ್ಲಿ ‘ಬಿಳಿಯರ ಸಂಸ್ಕೃತಿಯ ಲಕ್ಷಣಗಳು’ ಎಂದು ಒಂದು ಪಟ್ಟಿ ಹಾಕಿತು. ಅದರಲ್ಲಿ ಕಷ್ಟಪಟ್ಟು ದುಡಿಯುವುದೂ ಒಂದು ಲಕ್ಷಣವಾಗಿತ್ತು! ಹಾಗಾದರೆ ಹತ್ತಿ ಹೊಲದಲ್ಲಿ ಬೆನ್ನು ಮುರಿದುಕೊಂಡವರು ಯಾರು ಎಂದು ಯಾರಾದರೂ ಕೇಳಬೇಕಲ್ಲವೇ? ಟೀಕೆ ಬಂತು, ಮ್ಯೂಸಿಯಂನವರೇ ಪಟ್ಟಿಯನ್ನು ತೆಗೆದರು. ಅದು ಸರಿಯಾದ ಕೆಲಸ.

ಆದರೆ 2025ರ ಆದೇಶ ಅಷ್ಟಕ್ಕೆ ನಿಲ್ಲಲಿಲ್ಲ. ಜನಾಂಗವೆಂಬುದು ಮನುಷ್ಯರೇ ಕಟ್ಟಿದ್ದು, ರಕ್ತದಲ್ಲಿ ಇರುವುದಲ್ಲ ಎಂದು ಹೇಳುತ್ತಿದ್ದ ಒಂದು ಶಿಲ್ಪ ಪ್ರದರ್ಶನದ ಹೆಸರನ್ನೇ ಹಿಡಿದು ಅದು ಆಕ್ಷೇಪಿಸಿತು. ಆಗಸ್ಟ್‌ನಲ್ಲಿ ಎಂಟು ಮ್ಯೂಸಿಯಂಗಳ ಫಲಕ, ಬರಹಗಳನ್ನು ಪರಿಶೀಲಿಸುವುದಾಗಿ ಶ್ವೇತಭವನ ಪತ್ರ ಬರೆಯಿತು. ಗುಲಾಮಗಿರಿ ಎಷ್ಟು ಕೆಟ್ಟದಾಗಿತ್ತು ಎಂಬುದನ್ನೇ ಈ ಮ್ಯೂಸಿಯಂಗಳು ಹೇಳುತ್ತಿವೆ ಎಂದು ಅಧ್ಯಕ್ಷರು ಬೇಸರಪಟ್ಟರು. ತೆರಿಗೆ ಎಲ್ಲರದು, ಆದ್ದರಿಂದ ಎಲ್ಲರಿಗೂ ಹೆಮ್ಮೆ ಅನಿಸುವುದನ್ನೇ ತೋರಿಸಬೇಕು ಎನ್ನುವುದು ಈ ವಾದದ ತಿರುಳು.

ಈ ವಾದ ನಮಗೆ ಹೊಸದೇನೂ ಅಲ್ಲ. ನಮ್ಮಲ್ಲಿ ಅದಕ್ಕೆ ಆದೇಶದ ಅಗತ್ಯವೇ ಬಿದ್ದಿಲ್ಲ, ಅಷ್ಟೇ.

ಪದವಿ ಓದುವಾಗ ಕಾಲೇಜು ಪ್ರವಾಸದಲ್ಲಿ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಅದರ ಹೆಸರು ಬೇಡ, ಯಾಕೆಂದರೆ ಇಂಥವು ಬಹಳ ಇರಬಹುದು. ಮೂಲೆಯೊಂದರ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ಹೆಣಿಗೆ ಚಪ್ಪಲಿಯ ಒಂದು ಜೋಡಿ ಇತ್ತು. ಕೆಳಗೆ ಚೀಟಿ: ‘ಚರ್ಮದ ಪಾದರಕ್ಷೆ. ಉತ್ತರ ಕರ್ನಾಟಕ. ಜನಪದ ಕಲೆ.’ ಅಷ್ಟೇ. ಪಕ್ಕದ ಗೋಡೆಯ ಮೇಲೆ ಒಂದು ತೈಲಚಿತ್ರ ಇತ್ತು. ಅದರ ಕೆಳಗೆ ಕಲಾವಿದರ ಹೆಸರು, ಇಸವಿ, ಊರು ಎಲ್ಲ ಇದ್ದವು.

ನಾನು ಸಮಗಾರರ ಮನೆಯವಳು. ಆ ಚಪ್ಪಲಿ ಏನು ಎಂಬುದು ನನಗೆ ಚೀಟಿ ಓದಿ ಗೊತ್ತಾಗಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಮ್ಮೆಯ ತೊಗಲು ಹಸಿಯಾಗಿ ಬರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯಬೇಕು. ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ದಿನಗಟ್ಟಲೆ ಹದ ಮಾಡಬೇಕು. ತೊಗಲನ್ನು ಚೀಲದಂತೆ ಹೊಲಿದು, ಒಳಗೆ ತೊಗಟೆ ತುಂಬಿ, ನೀರು ಹೊಯ್ದು ನೇತುಹಾಕುವ ಹಳೆಯ ಪದ್ಧತಿಯೂ ಉಂಟು. ಈ ಹದ ಮಾಡುವ ಕೆಲಸ ಹೆಚ್ಚಾಗಿ ಡೋರ ಸಮುದಾಯದವರದು. ಹದವಾದ ತೊಗಲನ್ನು ರಂಪಿಗೆಯಿಂದ ಕೊಯ್ದು, ಅಟ್ಟೆ ಕೂಡಿಸಿ, ಚರ್ಮದ ದಾರದಿಂದಲೇ ಹೊಲಿಯುವವರು ಸಮಗಾರ ಗಂಡಸರು. ಮೇಲಿನ ಪಟ್ಟಿಯ ಸಣ್ಣ ಹೆಣಿಗೆ, ಕಿವಿಯ ಅಂಚಿನ ಕುಸುರಿ ಮನೆಯ ಹೆಂಗಸರ ಕೆಲಸ. ಅಡುಗೆ ಆದ ಮೇಲೆ, ಮಕ್ಕಳು ಮಲಗಿದ ಮೇಲೆ ಆಗುವ ಕೆಲಸ ಅದು. ಅಥಣಿ, ನಿಪ್ಪಾಣಿ ಕಡೆ ಮಾಡಿದ್ದು ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾಗಿ ಕೊಲ್ಹಾಪುರಿ ಆಯಿತು. 2019ರಲ್ಲಿ ಜಿಐ ಮಾನ್ಯತೆ ಬಂದಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಮತ್ತು ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಸೇರಿ ಸಿಕ್ಕಿತು. ಪರೀಕ್ಷೆಯಲ್ಲಿ ಕೇಳುತ್ತಾರೆ, ನೆನಪಿಟ್ಟುಕೊಳ್ಳಿ.

ಈಗ ಆ ಚೀಟಿಯನ್ನು ಇನ್ನೊಮ್ಮೆ ಓದಿ. ‘ಜನಪದ ಕಲೆ.’ ಯಾವ ಜನ?

ವಿಚಿತ್ರ ನೋಡಿ, ನಮ್ಮ ಜಾತಿಯ ಹೆಸರು ಸರ್ಕಾರಕ್ಕೆ ಗೊತ್ತಿಲ್ಲ ಅಂತೇನೂ ಇಲ್ಲ. ಶಾಲೆಗೆ ಸೇರಿಸುವಾಗ ಕೇಳುತ್ತದೆ. ನಾಡಕಚೇರಿಯಲ್ಲಿ ಕೊಡುವ ಪ್ರಮಾಣಪತ್ರದಲ್ಲಿ ಬರೆಯುತ್ತದೆ. ಕೆಲಸಕ್ಕೆ ಅರ್ಜಿ ಹಾಕುವಾಗ ಆರ್‌ಡಿ ನಂಬರ್ ಕೇಳುತ್ತದೆ. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಪರಿಶಿಷ್ಟ ಜಾತಿಯವರ ಮನೆಮನೆಗೆ ಬಂದು ಉಪಜಾತಿಯನ್ನೂ ಕೇಳಿ ಬರೆದುಕೊಂಡು ಹೋಯಿತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿ ತೆರೆದು ನೋಡಿದರೆ ಚಮ್ಮಾರ, ಮಚಗಾರ, ಸಮಗಾರ ಹೆಸರುಗಳ ಜೊತೆಗೇ ‘ಹರಳಯ್ಯ’ ಎಂಬ ಹೆಸರೂ ಇದೆ. ಡೋರ ಎಂಬುದರ ಜೊತೆಗೆ ‘ಕಕ್ಕಯ್ಯ’ ಎಂದೂ ಇದೆ. ಹನ್ನೆರಡನೆಯ ಶತಮಾನದ ಇಬ್ಬರು ಶರಣರು ಇಂದು ಸರ್ಕಾರಿ ಪಟ್ಟಿಯಲ್ಲಿ ಜಾತಿಯ ಹೆಸರಾಗಿ ಕೂತಿದ್ದಾರೆ. ಇಷ್ಟೆಲ್ಲ ಕಡೆ ಹೆಸರು ಬೇಕು. ನಮ್ಮ ಕೈಯ ಕೆಲಸವನ್ನು ಚೆಂದ ಎಂದು ತೋರಿಸುವ ಒಂದೇ ಒಂದು ಕಡೆ ಮಾತ್ರ ಹೆಸರು ಬೇಡ.

ಪ್ರಾಡಾದವರು ಮಾಡಿದ್ದೂ ಇದನ್ನೇ ಅಲ್ಲವೇ? ಶೋದಲ್ಲಿ ಅದನ್ನು ಬರೀ ‘ಚರ್ಮದ ಚಪ್ಪಲಿ’ ಎಂದು ಕರೆದರು. ಎರಡೂ ರಾಜ್ಯಗಳಲ್ಲಿ ಕೂಗೆದ್ದಿತು. ಕೊನೆಗೆ ಇದು ಭಾರತದ ಕರಕುಶಲದಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ನಮ್ಮ ಲಿಡ್‌ಕರ್ ಎರಡರ ಜೊತೆಗೂ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2000 ಜೋಡಿ ಮಾಡಿಸುವುದಾಗಿ ಹೇಳಿದರು. ಇಟಲಿಯವರು ಊರಿನ ಹೆಸರು ಬಿಟ್ಟಾಗ ನಮಗೆ ಬಂದ ಸಿಟ್ಟು, ನಮ್ಮದೇ ದುಡ್ಡಿನಲ್ಲಿ ನಡೆಯುವ ಗಾಜಿನ ಪೆಟ್ಟಿಗೆಯಲ್ಲಿ ಮಾಡಿದವರ ಹೆಸರು ಬಿಟ್ಟಾಗ ಬರುವುದಿಲ್ಲ.

ಹೆಸರು ಬರೆಯುವುದರಲ್ಲೂ ಒಂದು ಹಳೆಯ ಗಾಯ ಇದೆ, ಅದನ್ನು ಮುಚ್ಚಿಡಬಾರದು. ಮ್ಯೂಸಿಯಂಗಳು ನಮ್ಮಂಥವರನ್ನು ಒಂದು ಕಾಲದಲ್ಲಿ ಬಹಳ ಆಸಕ್ತಿಯಿಂದಲೇ ದಾಖಲಿಸಿದ್ದವು. 1885ರಿಂದ 1908ರವರೆಗೆ ಮದ್ರಾಸ್ ಸರ್ಕಾರಿ ಮ್ಯೂಸಿಯಂನ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್ ಬೇರೆ ಬೇರೆ ಜಾತಿಯವರ ತಲೆ, ಮೂಗುಗಳನ್ನು ಅಳತೆಗೋಲು ಹಿಡಿದು ಅಳೆದು ಬರೆದಿಟ್ಟ. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ ಅಂತೂ ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬ ಅರ್ಥದ ಸಿದ್ಧಾಂತವನ್ನೇ ಮಾಡಿದ. ಅಥಣಿ, ಚಿಕ್ಕೋಡಿಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಇಲ್ಲಿನ ಜಾತಿಗಳ ವಿವರಗಳನ್ನು ಎಂಥೋವನ್ ಎಂಬ ಅಧಿಕಾರಿ 1920ರಿಂದ 1922ರ ನಡುವೆ ಮೂರು ಸಂಪುಟಗಳಲ್ಲಿ ತಂದ. ಅವುಗಳಲ್ಲಿ ಜಾತಿಯ ಹೆಸರು ಇತ್ತು, ಕಸುಬು ಇತ್ತು, ಮದುವೆಯ ಪದ್ಧತಿ ಇತ್ತು. ಅಳೆಸಿಕೊಂಡವರ ಮಾತು ಇರಲಿಲ್ಲ.

ದಕ್ಷಿಣ ಆಫ್ರಿಕಾದ ಸಾರ್ಟಿ ಬಾರ್ಟ್‌ಮನ್ ಎಂಬ ಹೆಣ್ಣುಮಗಳ ಕಥೆ ಇದಕ್ಕಿಂತ ಭೀಕರ. ಯುರೋಪಿನಲ್ಲಿ ಆಕೆಯನ್ನು ಜೀವಂತ ಇದ್ದಾಗ ಪ್ರದರ್ಶನಕ್ಕಿಟ್ಟರು. 1815ರಲ್ಲಿ ಸತ್ತ ಮೇಲೆ ಅಸ್ಥಿಪಂಜರವನ್ನೂ ದೇಹದ ಅಚ್ಚನ್ನೂ ಪ್ಯಾರಿಸ್‌ನ ಮ್ಯೂಸಿಯಂನಲ್ಲಿ ಇಟ್ಟರು. 1970ರ ದಶಕದವರೆಗೂ ಜನ ಟಿಕೆಟ್ ತಗೊಂಡು ನೋಡುತ್ತಿದ್ದರು. ಆಕೆ ತನ್ನ ನೆಲಕ್ಕೆ ಮರಳಿ ಮಣ್ಣಾದದ್ದು 2002ರಲ್ಲಿ, ಅದೂ ನೆಲ್ಸನ್ ಮಂಡೇಲಾ ಅವರಂಥವರು ಫ್ರಾನ್ಸ್ ಸರ್ಕಾರವನ್ನು ಕೇಳಿದ ಮೇಲೆ.

ಈ ಅಳತೆಯ ಕೆಲಸಕ್ಕೆ ನಮ್ಮವರೊಬ್ಬರು ಕೊಟ್ಟ ಉತ್ತರವನ್ನು ಪ್ರತಿ ವಿದ್ಯಾರ್ಥಿ ಓದಬೇಕು. ಡಾ. ಬಿ.ಆರ್. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಅದೇ ಮೂಗಿನ ಅಳತೆಯ ಅಂಕಿಗಳನ್ನು ಮುಂದಿಟ್ಟುಕೊಂಡು, ಅವುಗಳಿಂದಲೇ ಜನಾಂಗದ ಸಿದ್ಧಾಂತ ನಿಲ್ಲುವುದಿಲ್ಲ ಎಂದು ತೋರಿಸಿದರು. ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರಲ್ಲ ಎಂದರು. ಹಾಗಂತ ಜಾತಿಯ ನೋವು ಜನಾಂಗದ ನೋವಿಗಿಂತ ಕಡಿಮೆ ಅಂತಲ್ಲ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನ ನಡೆದಾಗ ಜಾತಿಯ ವಿಷಯವನ್ನೂ ಸೇರಿಸಿ ಎಂದು ದಲಿತ ಸಂಘಟನೆಗಳು ಕೇಳಿದವು, ಭಾರತ ಸರ್ಕಾರ ಒಪ್ಪಲಿಲ್ಲ. ಜನಾಂಗವೂ ಜಾತಿಯೂ ಒಂದೇ ಅಲ್ಲ ಎನ್ನುವುದು ಸರಿ. ಆದರೆ ಮ್ಯೂಸಿಯಂನ ಗೋಡೆಯ ಮುಂದೆ ನಿಂತಾಗ ಎರಡರ ಪ್ರಶ್ನೆಯೂ ಒಂದೇ: ಈ ಫಲಕ ಬರೆದವರು ಯಾರು, ಯಾರನ್ನು ಕೇಳಿ ಬರೆದರು?

ಮನೆಯಲ್ಲಿ ಈ ಮಾತು ತೆಗೆದಾಗ ನನ್ನ ಪರವಾಗಿ ಯಾರೂ ನಿಲ್ಲಲಿಲ್ಲ ಎಂದು ಹೇಳಿದರೆ ನಂಬುತ್ತೀರಾ?

“ನಮ್ಮ ಹೆಸರ ಬರದಿಲ್ಲ ನೋಡ್ರಿ ಕಾಕಾ” ಎಂದೆ.

ಕಾಕಾ ರಂಪಿಗೆ ಮಸೆಯುತ್ತ ಕೂತಿದ್ದ. “ಬರೀಲಿಲ್ಲಂದ್ರ ಚಲೋನ ಆತ ಬಿಡವಾ. ಬೆಳಗಾವ್ಯಾಗ ಹೆಸರ ಕೇಳಿ ಬಾಡಿಗಿ ಮನಿ ಕೊಡೂದಿಲ್ಲ. ಅದನ್ನ ಗ್ವಾಡಿ ಮ್ಯಾಲ ಬ್ಯಾರೆ ಬರಸ್ತಿ?”

“ಮತ್ತ ಯಾರ ಮಾಡ್ಯಾರಂತ ಮಂದಿಗೆ ಗೊತ್ತಾಗೂದ ಹ್ಯಾಂಗ?”

“ಕೈ ನೋಡಿದ್ರ ಗೊತ್ತಾಗತೈತಿ” ಎಂದು ಅಂಗೈ ತೋರಿಸಿದ. ಅಳಲೆಕಾಯಿಯ ಕಪ್ಪು ಅವನ ಉಗುರಿನಿಂದ ಯಾವ ಹಬ್ಬಕ್ಕೂ ಹೋಗುವುದಿಲ್ಲ.

ಆಯಿಯ ಪ್ರಶ್ನೆಯೇ ಬೇರೆ ಇತ್ತು. “ಹೆಣಿಗಿ ಯಾರ ಹಾಕ್ಯಾರಂತ ಬರದಾರನು?”

“ಇಲ್ಲ ಆಯಿ.”

“ಹಂಗಾರ ಅದ ಅರ್ಧಾ ಚಪ್ಲಿ.”

ಆಯಿಯದು ಸುಮ್ಮನೆ ಹೇಳಿದ ಮಾತಲ್ಲ. ಹೆಂಗಸರ ಈ ಕೆಲಸಕ್ಕೆ ಬೇರೆ ಲೆಕ್ಕವೇ ಇರಲಿಲ್ಲ, ಜೋಡಿಯ ಬೆಲೆ ಗಂಡಸರ ಕೈಗೆ ಬರುತ್ತಿತ್ತು. ಅಥಣಿಯಲ್ಲಿ 1990ರ ದಶಕದ ಕೊನೆಗೆ ಸ್ವಸಹಾಯ ಗುಂಪುಗಳನ್ನು ಕಟ್ಟಿ ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಚಪ್ಪಲಿ ಹೊರದೇಶಕ್ಕೆ ಹೋಗತೊಡಗಿದಾಗ ಕುಶಲಕರ್ಮಿ ಎಂಬ ಪದದೊಳಗೆ ಹೆಂಗಸರೂ ಬಂದರು. ಅದಕ್ಕೂ ಮೊದಲು ಅವರು ‘ಸಹಾಯ ಮಾಡುವವರು’. ಇನ್ನೊಂದು ಮಾತನ್ನು ಆಯಿ ಮೆಲ್ಲಗೆ ಹೇಳಿದಳು. ಅವಳ ಅತ್ತೆ ತಾನೇ ಹೆಣೆದ ಚಪ್ಪಲಿಯನ್ನು ದೊಡ್ಡವರ ಓಣಿ ಬಂದಾಗ ಕೈಯಲ್ಲಿ ಹಿಡಿದುಕೊಂಡು ದಾಟುತ್ತಿದ್ದಳಂತೆ. ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತುವಿನ ಬಗ್ಗೆ ಇದಕ್ಕಿಂತ ದೊಡ್ಡ ಮಾಹಿತಿ ಯಾವುದಿದೆ? ಚೀಟಿಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಇಲ್ಲ.

ನನ್ನ ಗೆಳತಿಯೊಬ್ಬಳು, ನಮ್ಮ ಜಾತಿಯವಳಲ್ಲ, ಓದುವ ಕೋಣೆಯಲ್ಲಿ ನನ್ನ ಪಕ್ಕವೇ ಕೂರುತ್ತಾಳೆ. ಅವಳು ಹೇಳಿದ್ದು: “ಸಣ್ಣ ಹುಡುಗರು ನೋಡ್ಲಿಕ್ಕೆ ಬರ್ತಾರ. ಇದನ್ನೆಲ್ಲ ಓದಿ ಒಬ್ಬರು ಸಣ್ಣಾಗಿ, ಇನ್ನೊಬ್ಬರು ತಪ್ಪಿತಸ್ಥರಾಗಿ ಹೊರಗ ಬರಬೇಕೇನು? ತೆರಿಗಿ ದುಡ್ಡಿನ್ಯಾಗ ಜಗಳ ಯಾಕ?” ಒಳ್ಳೆಯ ಮನಸ್ಸಿನಿಂದ ಕೇಳಿದ ಪ್ರಶ್ನೆ, ಆದ್ದರಿಂದ ಉತ್ತರ ಕೊಡಬೇಕು. ತೆರಿಗೆಯ ಮಾತಿಗೆ ಮೊದಲು: ಸಾವಿರ ರೂಪಾಯಿಯೊಳಗಿನ ಚಪ್ಪಲಿಯ ಮೇಲಿನ ಜಿಎಸ್‌ಟಿ 2022ರ ಜನವರಿಯಲ್ಲಿ ಶೇ 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರ್ 22ರಂದು ಮತ್ತೆ 5ಕ್ಕೆ ಇಳಿಯಿತು. ಏರಿದಾಗಲೂ ಇಳಿದಾಗಲೂ ಅದರ ಬಿಸಿ ನಮ್ಮ ಓಣಿಗೆ ತಟ್ಟಿದೆ. ತೆರಿಗೆ ಕೊಡುವವರ ಪಟ್ಟಿಯಲ್ಲಿ ಕಾಕಾ, ಆಯಿ ಇಬ್ಬರೂ ಇದ್ದಾರೆ. ಇನ್ನು ಸಣ್ಣ ಹುಡುಗರ ಮಾತು. ಮುಜುಗರವಾಗದಂತೆ ಬರೆಯುವ ಜಾಣ್ಮೆ ಬೇಕು, ಒಪ್ಪುತ್ತೇನೆ. ಆದರೆ ಈಗಿನ ಚೀಟಿಯಿಂದಲೂ ಒಂದು ಮಗು ಸಣ್ಣದಾಗಿಯೇ ಹೊರಗೆ ಬರುತ್ತದೆ. ಅದು ಯಾವ ಮಗು ಎಂದು ಗೆಳತಿಗೆ ಹೇಳಬೇಕಾಗಲಿಲ್ಲ.

ಬರೀ ನೋವನ್ನೇ ತೋರಿಸಿದರೂ ನನಗೆ ಸಮಾಧಾನ ಇಲ್ಲ. ಹರಳಯ್ಯನವರ ಕಥೆಯಲ್ಲೇ ನೋಡಿ. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಎರಡು ಸಲ ಹೇಳಿದ ಋಣಕ್ಕೆ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದುಕೆ ಮಾಡಿಕೊಟ್ಟರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದದ್ದು, ಅದಕ್ಕಾಗಿ ಬೀಗರಿಬ್ಬರನ್ನೂ ಕಲ್ಯಾಣದಲ್ಲಿ ಕೊಂದದ್ದು ವೇದಿಕೆಗಳಲ್ಲಿ ಕಡಿಮೆ ಕೇಳುತ್ತದೆ. ಅವರು ಯಾವ ಅಳತೆಗೆ ಎಂಥ ಚಪ್ಪಲಿ ಮಾಡುತ್ತಿದ್ದ ಕುಶಲಿಗರು ಎಂಬುದು ಯಾರಿಗೂ ಬೇಕಿಲ್ಲ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಸರ್ಕಾರ ಅಡಿಗಲ್ಲು ಹಾಕಿತು, ಕೋಟಿ ಕೋಟಿ ಸಾರ್ವಜನಿಕ ಹಣ ಅದರಲ್ಲಿದೆ. ಅಲ್ಲಿ ಈ ಮೂರೂ ಇರಬೇಕು ಎಂದು ಕೇಳುವ ಹಕ್ಕು ನಮಗಿದೆ.

ನಮ್ಮದೇ ಜಿಲ್ಲೆಯ ಇನ್ನೊಂದು ಉದಾಹರಣೆ ಕೊಡುತ್ತೇನೆ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ನೆನಪಿಗೆ ವೀರಸೌಧ ಇದೆ, ಚಿತ್ರಗಳಿವೆ, ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಾರೆ. ಅದಾದ ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಸೇರಿತು. ಅಧ್ಯಕ್ಷತೆ ಅಂಬೇಡ್ಕರ್ ಅವರದು. ಅವರಿಗಾಗ ಮೂವತ್ನಾಲ್ಕು ತುಂಬುವುದರಲ್ಲಿತ್ತು. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷ ಇತ್ತು. ಅಂಬೇಡ್ಕರ್ ಅವರ ಜೊತೆಗಾರರಾಗಿದ್ದ ಬಳವಂತರಾವ್ ವರಾಳೆ ಅವರ ಮೊಮ್ಮಗ, ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆ, ಇಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಶತಮಾನ ತುಂಬಿದಾಗ ಏನಾಯಿತು? ಬೆಳಗಾವಿಯದನ್ನು ಕಾಂಗ್ರೆಸ್ ಆಚರಿಸಿತು, ನಿಪ್ಪಾಣಿಗೆ ಬಿಜೆಪಿ ‘ಭೀಮ ಹೆಜ್ಜೆ’ ಯಾತ್ರೆ ತಂದಿತು. ಒಂದೇ ಜಿಲ್ಲೆ, ಒಂದೇ ಚಳಿಗಾಲ ಮತ್ತು ಬೇಸಿಗೆ. ಎರಡನ್ನೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಹಾಕಿದರೆ ಆ ಕಾಲದ ಮಾತುಕತೆ ಹೇಗಿತ್ತೆಂದು ಹತ್ತನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ಆದರೆ ಯಾತ್ರೆಗಳು ಮುಗಿದ ಮೇಲೆ ಗೋಡೆಯ ಬಗ್ಗೆ ಕೇಳುವವರು ಕಡಿಮೆ.

ಕೇಳುವುದು ಕಷ್ಟದ ಕೆಲಸವಲ್ಲ. ರಾಜ್ಯದ ಸರ್ಕಾರಿ ವಸ್ತುಸಂಗ್ರಹಾಲಯಗಳು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೈಕೆಳಗಿವೆ. ಫಲಕಗಳ ಬರಹವನ್ನು ಯಾವ ಸಮಿತಿ ಒಪ್ಪಿತು, ಅದರಲ್ಲಿ ಆ ಕಸುಬಿನವರು ಒಬ್ಬರಾದರೂ ಇದ್ದರೇ ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದು. ಸಂವಿಧಾನದ 51ಎ ವಿಧಿಯನ್ನು ಬಾಯಿಪಾಠ ಮಾಡಿರುತ್ತೇವೆ. ಪರಂಪರೆಯನ್ನು ಕಾಪಾಡುವುದು ನಾಗರಿಕರ ಕರ್ತವ್ಯ ಎಂದು ಅದರಲ್ಲಿದೆ. ಉತ್ತರಪತ್ರಿಕೆಯ ಹೊರಗೂ ಅದನ್ನು ಬಳಸಬಹುದು.

ಬೇರೆಯವರ ಚೀಟಿಯನ್ನು ಟೀಕಿಸುತ್ತ ಕೂರುವುದಕ್ಕಿಂತ ಒಂದು ಬರೆದು ನೋಡೋಣ ಎಂದು ಮೊನ್ನೆ ಕೂತೆ. ಬರೆದದ್ದನ್ನು ಕಾಕಾ ಓದಿ, ‘ಸಮಗಾರ’ ಎಂಬಲ್ಲಿ ಬೆರಳಿಟ್ಟು, “ಜಾತಿ ಹೆಸರ ಬರದಿ. ಆ ಮನಶ್ಯಾನ ಹೆಸರ ಎಲ್ಲೈತಿ?” ಎಂದ. ತೈಲಚಿತ್ರದ ಕೆಳಗೆ ಕಲಾವಿದರ ಹೆಸರಿತ್ತು, ಜಾತಿ ಇರಲಿಲ್ಲ. ಎಂಥೋವನ್‌ನ ಸಂಪುಟಗಳಲ್ಲಿ ಜಾತಿ ಇತ್ತು, ಮನುಷ್ಯರಿರಲಿಲ್ಲ. ತಿದ್ದಿದೆ. ಜಾತಿಯನ್ನು ಮಾತ್ರ ತೆಗೆಯಲಿಲ್ಲ, ಅದರ ಬಗ್ಗೆ ನನಗೂ ಕಾಕಾನಿಗೂ ಇನ್ನೂ ಚರ್ಚೆ ನಡೆದಿದೆ. ಸದ್ಯಕ್ಕೆ ಚೀಟಿ ಹೀಗಿದೆ:

‘ಹೆಣಿಗೆ ಚಪ್ಪಲಿ. ಅಥಣಿ, ಬೆಳಗಾವಿ ಜಿಲ್ಲೆ. ಎಮ್ಮೆ ಚರ್ಮ, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಹದ. ಹದ ಮಾಡಿದವರು ಡೋರ ಸಮುದಾಯದ ______. ಕೊಯ್ದು ಹೊಲಿದವರು ಸಮಗಾರ ಸಮುದಾಯದ ______. ಹೆಣಿಗೆ ಹಾಕಿದವರು ಅದೇ ಮನೆಯ ______. ಇಂಥ ಚಪ್ಪಲಿ ಮಾಡಿದವರು ಒಂದು ಕಾಲಕ್ಕೆ ಅದನ್ನು ಮೆಟ್ಟಿಕೊಂಡು ಮೇಲ್ಜಾತಿಯವರ ಓಣಿಯಲ್ಲಿ ನಡೆಯುವಂತಿರಲಿಲ್ಲ. ಈ ಕಸುಬು ಇಂದಿಗೂ ನಡೆಯುತ್ತಿದೆ. ಖಾಲಿ ಬಿಟ್ಟ ಜಾಗದಲ್ಲಿ ಅವರನ್ನೇ ಕೇಳಿ ಹೆಸರು ಬರೆಯುವುದು.’